ಅವ್ವನ ರಾಗಿರೊಟ್ಟಿ

ಅಮಲ್ದಾರ್ ದ್ಯಾವೇಗೌಡರಿಗೆ ಯಾರು ತಟ್ಟಿದ ರಾಗಿರೊಟ್ಟಿಯೂ ಹಿಡಿಸುತ್ತಿರಲಿಲ್ಲ. ಮೂವರು ಅಡುಗೆಯವರನ್ನು ಕೆಲಸದಿಂದ ಬಿಡಿಸಿದ್ದರು. ನಾಲ್ಕನೆಯವಳ ಮೇಲೂ ಗುಡುಗಿದರು: “ನಾಳೆ ನಮ್ಮವ್ವನ ರೊಟ್ಟಿಯ ರುಚಿ ಬರದಿದ್ದರೆ ಗಂಟುಮೂಟೆ ಕಟ್ಟು!”

“ಬುದ್ಧಿ, ರೊಟ್ಟಿ ಕೊಡುವಾಗ ನಿಮ್ಮವ್ವ ಏನನ್ನುತ್ತಿದ್ದರು?” ಅವಳು ಕೇಳಿದಳು.

ಗೌಡರ ದನಿ ಇಳಿಯಿತು. “ದಿನಾ ಬೈಯುತ್ತಿದ್ದಳು.”

ಮರುದಿನ ಬೆಳಿಗ್ಗೆ ಗೌಡರು ಮೇಜಿನ ಮುಂದೆ ಕೂತರು. ರೊಟ್ಟಿ ಬರಲಿಲ್ಲ. ಅಡುಗೆಯವಳು ಒಲೆಯ ಮುಂದಿನಿಂದಲೇ ಕೂಗಿದಳು: “ಮುಖ ತೊಳೆಯದೆ ಕೂತಿದ್ದೀಯಲ್ಲೋ ಸೋಮಾರಿ! ಎದ್ದು ಬಾ, ರೊಟ್ಟಿ ಆರುತ್ತೆ!”

ಆಳುಗಳು ಬಾಗಿಲ ಹಿಂದೆ ಸರಿದರು. ಗೌಡರು ಎದ್ದರು. ಬಚ್ಚಲಿಗೆ ಹೋಗಿ ಮುಖ ತೊಳೆದು, ಒಲೆಯ ಪಕ್ಕ ನೆಲದ ಮೇಲೆ ಕೂತು ಅಂಗೈ ಚಾಚಿದರು. ಬಿಸಿ ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಹಚ್ಚಿಕೊಂಡು, ತಲೆ ಎತ್ತದೆ ನಾಲ್ಕು ತಿಂದರು.

ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು: “ಅವ್ವ ಇನ್ನೂ ಜೋರಾಗಿ ಬೈಯುತ್ತಿದ್ದಳು. ನಾಳೆ ಸರಿಮಾಡಿಕೋ.”