ಸಡಿಲ ಬಿಟ್ಟ ದಾರ

"ಕಾಯುವುದೂ ತಪ್ಪೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಬೊಮ್ಮಯ್ಯ. ಹನ್ನೊಂದು ವರ್ಷಗಳ ಹಿಂದೆ ಅವನ ಅಣ್ಣ ಊರವರ ಮುಂದೆ ಅವನನ್ನು ಕಳ್ಳನೆಂದು ಕರೆದು ಮನೆಯಿಂದ ಹೊರಹಾಕಿದ್ದ. ಬೊಮ್ಮಯ್ಯ ಕದ್ದಿರಲಿಲ್ಲ.

"ನಾನು ಅವನನ್ನು ಬೈದಿಲ್ಲ, ಶಪಿಸಿಲ್ಲ. ಒಂದು ಮಾತನ್ನೂ ಹೇಳಿಕಳಿಸಿಲ್ಲ. ಒಂದು ದಿನ ಅವನಾಗಿಯೇ ಬಂದು ತಪ್ಪಾಯಿತು ಎನ್ನಬೇಕು. ಅಷ್ಟಕ್ಕೆ ಕಾಯುತ್ತಿದ್ದೇನೆ. ನನಗೇನೂ ಆತುರವಿಲ್ಲ."

ಗುರುಗಳು ಈ ಕತೆ ಹೇಳಿದರು.

ಕಡಲತೀರದಲ್ಲಿ ಒಬ್ಬ ಮೀನುಗಾರನಿದ್ದ. ಅವನು ದೋಣಿ ಹತ್ತುತ್ತಿರಲಿಲ್ಲ. ದಡದ ಬಂಡೆಗಳ ಮೇಲೆ ನಿಂತು ಗಾಳದಿಂದ ಮುರು ಮೀನು ಹಿಡಿಯುತ್ತಿದ್ದ. ಮುರು ದೊಡ್ಡ ಬಾಯಿಯ ಮೀನು. ಬಂಡೆಯ ಬಿಲದಲ್ಲಿ ಒಂಟಿಯಾಗಿರುತ್ತದೆ. ಎದುರಿಗೆ ಬಂದದ್ದನ್ನು ಒಂದೇ ಗುಟುಕಿಗೆ ನುಂಗಿ ತಿರುಗಿ ಬಿಲ ಸೇರುತ್ತದೆ. ಅದು ತಿರುಗುವ ಮೊದಲೇ ಎರಡು ಮಾರು ಎಳೆದುಬಿಡಬೇಕು. ತಪ್ಪಿದರೆ ಒಳಗೆ ಹೋಗಿ, ಕಿವಿರು ಅಗಲಿಸಿ, ಮುಳ್ಳು ನಿಮಿರಿಸಿ ಕಲ್ಲಿನ ನಡುವೆ ಬಿಗಿದು ಕೂರುತ್ತದೆ. ಆಮೇಲೆ ಎಳೆದರೆ ದಾರ ಕಲ್ಲಿನ ಅಂಚಿಗೆ ಉಜ್ಜಿ ತುಂಡಾಗುತ್ತದೆ.

ಆಗ ಮಾಡುವುದು ಒಂದೇ. ದಾರ ಸಡಿಲ ಬಿಟ್ಟು ಕಾಯುವುದು. ತನ್ನನ್ನು ಯಾರೂ ಎಳೆಯುತ್ತಿಲ್ಲ ಎಂದು ತಿಳಿದು ಮೀನು ತಾನಾಗಿ ಹೊರಗೆ ಬರುತ್ತದೆ. ಹೀಗೆ ಕಾಯುವುದರಲ್ಲಿ ಅವನಷ್ಟು ಪಳಗಿದವರು ಆ ತೀರದಲ್ಲಿ ಇರಲಿಲ್ಲ. ಇಪ್ಪತ್ತು ಉಸಿರು ಎಣಿಸುತ್ತಿದ್ದ. ಇಪ್ಪತ್ತೊಂದನೆಯದಕ್ಕೆ ಎಳೆಯುತ್ತಿದ್ದ.

ಒಂದು ಮಧ್ಯಾಹ್ನ, ಇಳಿತದ ಹೊತ್ತಿನಲ್ಲಿ, ಅವನು ಎಲ್ಲಕ್ಕಿಂತ ಹೊರಗಿನ ಬಂಡೆಗೆ ಹೋದ. ಅಲ್ಲಿ ಅದುವರೆಗೆ ಅವನು ಗಾಳ ಹಾಕಿರಲಿಲ್ಲ. ಹೆಂಡತಿ ದಡದ ಕಡೆಯ ಬಂಡೆಗೆ ಅಂಟಿದ ಪಚ್ಚಿಲೆ ಚಿಪ್ಪುಗಳನ್ನು ಕೆರೆದು ಬುಟ್ಟಿಗೆ ಹಾಕುತ್ತಿದ್ದಳು. ಗಾಳಿ ಇರಲಿಲ್ಲ. ಅವನು ಜೀವಂತ ಸಣ್ಣ ಮೀನೊಂದನ್ನು ಗಾಳಕ್ಕೆ ಚುಚ್ಚಿ ಬಿಲದ ಬಾಯಿಗೆ ಇಳಿಬಿಟ್ಟ. ದಾರ ಬಿಗಿಯಿತು. ಎಳೆದ. ಅಲುಗಲಿಲ್ಲ. ಇಷ್ಟು ಭಾರದ ಮೀನು ಅವನ ಕೈಗೆ ಎಂದೂ ಸಿಕ್ಕಿರಲಿಲ್ಲ.

ಅವನು ದಾರ ಸಡಿಲ ಬಿಟ್ಟ. ಸಣ್ಣ ನಡುಕವೂ ತನಗೆ ತಿಳಿಯಲಿ ಎಂದು ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡ. ಗಾಳ ಹಾಕುವವರು ಯಾರೂ ಹಾಗೆ ಸುತ್ತಿಕೊಳ್ಳುವುದಿಲ್ಲ.

ಇಪ್ಪತ್ತು ಉಸಿರು ಎಣಿಸಿದ. ಇಪ್ಪತ್ತೊಂದನೆಯದಕ್ಕೆ, ಅವನು ಎಳೆಯುವ ಮೊದಲೇ, ದಾರ ಕೆಳಗಿನಿಂದ ಜಗ್ಗಿತು. ಅವನು ಒಂದು ಹೆಜ್ಜೆ ಇಳಿದ. ದಾರ ಸಡಿಲವಾಯಿತು. ಮೀನು ದಣಿಯುತ್ತಿದೆ ಎಂದುಕೊಂಡ. ಮತ್ತೆ ಎಣಿಸಿದ. ಇಪ್ಪತ್ತೊಂದನೆಯ ಉಸಿರಿಗೆ ಮತ್ತೆ ಜಗ್ಗಿತು. ಮತ್ತೆ ಒಂದು ಹೆಜ್ಜೆ ಇಳಿದ. ಲೆಕ್ಕ ಒಮ್ಮೆಯೂ ತಪ್ಪಲಿಲ್ಲ.

"ಹೋಯ್, ಭರತ ಬಂತು, ನೀರು ಏರುತ್ತಿದೆ! ಈಚೆ ಬನ್ನಿ" ಎಂದು ಹೆಂಡತಿ ಕೂಗಿದಳು.

"ಕೂಗಬೇಡ ಮಾರಾಯ್ತಿ. ಅದು ಹೊರಗೆ ಬರುವ ಹೊತ್ತು."

"ಆಗಿನಿಂದ ಬರುತ್ತಲೇ ಇದೆ. ಸಿಂಗಾರ ಮುಗಿಯದೆ ಇರಲು ಅದೇನು ಮದುವಣಗಿತ್ತಿಯೇ? ನೀರು ಎಲ್ಲಿದೆ ನೋಡಿ!"

ಅವನು ನೋಡಲಿಲ್ಲ. ನೀರು ಸೊಂಟಕ್ಕೆ ಬಂದಿತ್ತು. "ಇನ್ನೊಂದೇ ಸಲ" ಎಂದ.

ಅವಳು ಬುಟ್ಟಿ ಬಿಟ್ಟು ಓಡಿದಳು. ಬಂಡೆಯ ಅಂಚಿಗೆ ಬರುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ. ಕೂಗು ಕೇಳಿರಲಿಲ್ಲ. ನೀರು ಕಲಕಿರಲೂ ಇಲ್ಲ.

ಮರುದಿನದ ಇಳಿತದಲ್ಲಿ ಊರವರು ಹೋಗಿ ಹುಡುಕಿದರು. ಅವನ ಹೆಣ ಬಿಲದ ಬಾಯಿಯ ಬಳಿ ಸಿಕ್ಕಿತು. ದಾರ ಮಣಿಕಟ್ಟಿನಲ್ಲೇ ಇತ್ತು. ಅದನ್ನು ಹಿಡಿದು ಎಳೆದರು. ಸಲೀಸಾಗಿ ಬಂತು. ಗಾಳದಲ್ಲಿ ಸಣ್ಣ ಮೀನು ಇನ್ನೂ ಮಿಡುಕುತ್ತಿತ್ತು. ಅದರ ಮೈಮೇಲೆ ಒಂದು ಗೀರೂ ಇರಲಿಲ್ಲ. ಒಬ್ಬ ಬಿಲದೊಳಗೆ ಕೋಲು ತೂರಿಸಿ ನೋಡಿದ. ಒಂದು ಮೊಳಕ್ಕೆ ಕಲ್ಲು ತಾಗಿತು. ಬಿಲ ಅಷ್ಟೇ ಆಳವಿತ್ತು. ಅದರಲ್ಲಿ ಏನೂ ಇರಲಿಲ್ಲ.

ಗುರುಗಳು ನಿಲ್ಲಿಸಿದರು.

"ಹಾಗಾದರೆ ಆ ತುದಿಯಿಂದ ಜಗ್ಗಿದ್ದು ಯಾರು?" ಎಂದು ಬೊಮ್ಮಯ್ಯ ಕೇಳಿದ.

"ಇಂದು ಬೆಳಿಗ್ಗೆ ನಿಮ್ಮೂರಿನವರೊಬ್ಬರು ಬಂದಿದ್ದರು; ನಿನ್ನ ಅಣ್ಣ ತೀರಿಕೊಂಡು ಒಂಬತ್ತು ವರ್ಷವಾಯಿತಂತೆ" ಎಂದರು ಗುರುಗಳು.