ಬಿಳಿ ಹೊಗೆ

ಪುಷ್ಯ ಮಾಸದ ಚಳಿ ಬೆಟ್ಟದ ಮೇಲೆ ಬೀಡುಬಿಟ್ಟಿದ್ದ ದಿನಗಳು. ಆಶ್ರಮದ ಅಂಗಳದಲ್ಲಿ ಬೆಳಕು ಹರಿಯುತ್ತಲೇ ಕೊಟ್ರಯ್ಯ ಹಳೆಯ ಡೀಸೆಲ್ ಕಾರಿನ ಮುಂದೆ ಬಂದು ನಿಲ್ಲುತ್ತಿದ್ದ.

ಕಾರಿಗೆ ಮೂವತ್ತು ವರ್ಷ. ಯಾರೋ ಭಕ್ತರು ಬಿಟ್ಟುಹೋದದ್ದು. ಕೊಟ್ರಯ್ಯನಿಗೆ ನಲವತ್ತಾರು. ಅವನು ಮಾತ್ರ ತಾನಾಗಿಯೇ ಬಂದವನು. ಬಂದು ಒಂಬತ್ತು ವರ್ಷವಾಗಿತ್ತು. ಅದಕ್ಕೂ ಮೊದಲು ಹದಿನೆಂಟು ವರ್ಷ ಭಾವನ ಗ್ಯಾರೇಜಿನಲ್ಲಿ ಎಂಜಿನ್ನುಗಳ ಜೊತೆಯೇ ಬಾಳಿದವನು.

ಕಾಗದ ಬಂದು ಎಂಟು ದಿನವಾಗಿತ್ತು. ಅಕ್ಕ ಹಾಲಮ್ಮ ಯಾರ ಕೈಲೋ ಬರೆಸಿದ್ದಳು. ಕಣ್ಣು ದಿನದಿಂದ ದಿನಕ್ಕೆ ಮಂಜಾಗುತ್ತಿದೆಯಂತೆ. ಇನ್ನು ಬಹಳ ದಿನ ಕಾಣಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ. ಕೊನೆಯಲ್ಲಿ ಒಂದೇ ಸಾಲು: ಪೂರ್ತಿ ಕತ್ತಲಾಗೋ ಮೊದಲು ನಿನ್ನ ಮುಖ ಒಂದ್ಸಲ ನೋಡಬೇಕು.

ತಾಯಿ ಇಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವನು ಅವಳ ಗಂಡ ಉಜ್ಜಿನಪ್ಪ. ಆ ಭಾವನ ಜೊತೆಗೇ ಒಂದು ದಿನ ಮಾತಿಗೆ ಮಾತು ಬೆಳೆದು, ಆಡಬಾರದ್ದನ್ನು ಆಡಿ, ಕೊಟ್ರಯ್ಯ ಗ್ಯಾರೇಜಿನಿಂದ ಎದ್ದುಬಂದಿದ್ದ. ಎರಡು ವರ್ಷಕ್ಕೆ ಭಾವ ತೀರಿಕೊಂಡ ಸುದ್ದಿ ಬೆಟ್ಟಕ್ಕೆ ಬಂತು. ಹೋಗಲಿಲ್ಲ. ಮೊದಲು ಹಟ ಬಿಡಲಿಲ್ಲ, ಆಮೇಲೆ ನಾಚಿಕೆ ಬಿಡಲಿಲ್ಲ.

ಈಗ ಕಾಗದವನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ಊಟಕ್ಕೆ ಕೂತಾಗ ತೆಗೆದು ಓದುತ್ತಿದ್ದ. ಅಕ್ಕ ಬಿಸಿ ರೊಟ್ಟಿಯನ್ನು ತಟ್ಟೆಗೆ ಹಾಕುವಾಗ ಸುಟ್ಟ ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತಿದ್ದದ್ದು ನೆನಪಾಗಿ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಿದ್ದ.

ಕಾಗದ ಬಂದ ದಿನವೇ ಹೋಗಿಬರುತ್ತೇನೆಂದು ಗುರುಗಳಿಗೆ ಹೇಳಿದ್ದ. ಆಗಲಿ ಎಂದರು. ಮರುದಿನ ಕಾರು ಸ್ಟಾರ್ಟ್ ಆಗಲಿಲ್ಲ.

ಸಂಜೆ ಗುರುಗಳು ಏನಾಯಿತು ಎಂದು ಕೇಳಿದರು. ಬ್ಯಾಟರಿ ಇಳಿದಿದೆ ಎಂದ. ಹಾಲಿನ ವ್ಯಾನಿನಲ್ಲಿ ಬ್ಯಾಟರಿಯನ್ನು ಕೆಳಗಿನ ಪೇಟೆಗೆ ಕಳಿಸಿ ಚಾರ್ಜ್ ಮಾಡಿಸಿ ತಂದದ್ದಾಯಿತು. ಕೀ ತಿರುಗಿಸಿದರೆ ಸೆಲ್ಫ್ ಮೋಟಾರು ಜೋರಾಗಿ ತಿರುಗಿತು. ಎಂಜಿನ್ ಹಿಡಿಯಲಿಲ್ಲ.

ಡೀಸೆಲ್‌ನಲ್ಲಿ ನೀರು ಸೇರಿರಬೇಕು ಎಂದ. ಫಿಲ್ಟರ್ ಬಿಚ್ಚಿ ತೊಳೆದ. ಆಮೇಲೆ ಪೈಪಿನಲ್ಲಿ ಗಾಳಿ ಸೇರಿದೆ ಎಂದು ಅದನ್ನೂ ತೆಗೆದ. ಇನ್ನೊಂದು ದಿನ ಅರ್ತ್ ವೈರನ್ನು ಉಜ್ಜಿ ಹೊಳೆಯುವ ಹಾಗೆ ಮಾಡಿದ. ಪ್ರತಿ ಬೆಳಗ್ಗೆ ಸೆಲ್ಫ್ ಹೊಡೆದಾಗಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಎದ್ದು ಅಂಗಳ ತುಂಬುತ್ತಿತ್ತು, ಅಷ್ಟೇ.

ಬಿಸಿಲು ಏರಿದ ಮೇಲೆ ಕಾರು ಸ್ಟಾರ್ಟ್ ಆಗುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಮಧ್ಯಾಹ್ನ. ನಾಲ್ಕು ಗಂಟೆಯ ದಾರಿ, ಘಾಟಿಯಲ್ಲಿ ಕತ್ತಲಾಗುತ್ತದೆ, ನಾಳೆ ಬೆಳಗ್ಗೆಯೇ ಹೊರಟರಾಯಿತು ಎಂದು ಕೊಟ್ರಯ್ಯ ಕೈ ತೊಳೆಯುತ್ತಿದ್ದ.

ಎಂಟನೆಯ ಬೆಳಗ್ಗೆ ಗುರುಗಳು ಕಂಬಳಿ ಹೊದ್ದು ಬಂದು ಕಾರಿನ ಪಕ್ಕದ ಕಲ್ಲಿನ ಮೇಲೆ ಕೂತರು. ಮೆಷಿನ್ನಿನ ವಿಷಯ ಏನೂ ಗೊತ್ತಿಲ್ಲದ ಮುದುಕರು. ಅವನು ಸೆಲ್ಫ್ ಹೊಡೆಯುವುದನ್ನು ನೋಡಿದರು. ಹೊಗೆ ಅವರ ಮುಖದ ಮೇಲೇ ಹಾಯ್ದು ಹೋಯಿತು.

"ಈ ಬಿಳಿ ಹೊಗೆ ಏನು ಹೇಳ್ತದೆ, ಕೊಟ್ರ?"

"ಡೀಸೆಲ್ ಒಳಗೆ ಹೋಗ್ತಾ ಇದೆ, ಉರೀತಾ ಇಲ್ಲ ಅಂತ, ಬುದ್ಧಿ."

"ಯಾಕೆ ಉರೀತಿಲ್ಲ?"

"ಶಾಖ ಸಾಲದು. ಚಳಿಗೆ ಎಂಜಿನ್ ಒಳಗೆ ತಣ್ಣಗಾಗಿರ್ತದೆ."

"ಶಾಖ ಕೊಡೋದು ಯಾವುದು?"

ಕೊಟ್ರಯ್ಯ ಬಾನೆಟ್ಟಿನ ಒಳಗೆ ಬಗ್ಗಿ ಏನನ್ನೋ ಒರೆಸತೊಡಗಿದ. ಒರೆಸುತ್ತಲೇ ಹೇಳಿದ. ಹೀಟರ್ ಪ್ಲಗ್ ಅಂತ ನಾಲ್ಕು ಇರುತ್ತವೆ. ಕೀ ತಿರುಗಿಸಿದಾಗ ಮೊದಲು ಅವು ಕಾದು ಕೆಂಪಾಗಬೇಕು. ಆಮೇಲೆ ಸೆಲ್ಫ್ ಹೊಡೆಯಬೇಕು.

"ಅವನ್ನ ನೋಡಿದ್ಯಾ?"

"ಇನ್ನೂ ಇಲ್ಲ, ಬುದ್ಧಿ."

"ಬಿಳಿ ಹೊಗೆ ಎಂದಿನಿಂದ ಬರ್ತಿದೆ?"

"ಮೊದಲನೇ ದಿನದಿಂದ."

ಗುರುಗಳು ಕಂಬಳಿಯನ್ನು ಬಿಗಿಯಾಗಿ ಎಳೆದುಕೊಂಡರು. ಬೆಟ್ಟದ ಬುಡದಿಂದ ದಿನಾ ಬೆಳಗ್ಗೆ ಏಳಕ್ಕೆ ಒಂದು ಬಸ್ಸು ಅವನ ಅಕ್ಕನ ಊರಿನ ಮೇಲೇ ಹೋಗುತ್ತದಲ್ಲ ಎಂದು ಕೇಳಿದರು. ಹೌದೆಂದ.

"ಅದರ ಪ್ಲಗ್ಗೂ ಹೋಗಿದೆಯಾ?"

ಕೊಟ್ರಯ್ಯನ ಕೈ ನಿಂತಿತು. ಒರೆಸುವ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಮೊದಲನೇ ದಿನವೇ ಗೊತ್ತಿತ್ತು, ಬುದ್ಧಿ. ಹೊಸದಾಗಿ ಕೆಲಸ ಕಲಿಯೋನಿಗೂ ಗೊತ್ತಾಗ್ತದೆ. ಗಾಡಿ ಸ್ಟಾರ್ಟ್ ಆದ್ರೆ ಹೋಗಬೇಕಲ್ಲ. ಹೋಗಿ ಬಾಗಿಲಲ್ಲಿ ನಿಂತು ಏನಂತ ಹೇಳ್ಲಿ? ಅವಳ ಗಂಡನ ಮಣ್ಣಿಗೆ ಬರದೋನು ನಾನು."

ಇಷ್ಟು ಹೇಳಿ ಕಣ್ಣೊರೆಸಿಕೊಂಡ. ಗ್ರೀಸು ಕೆನ್ನೆಗೆ ಮೆತ್ತಿತು.

ಗುರುಗಳು ಎದ್ದು, ಸ್ಪ್ಯಾನರುಗಳಿದ್ದ ಅವನ ಹಳೆಯ ತಗಡಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಲಾರದೆ ಎತ್ತಿ ತಂದು ಅವನ ಕಾಲ ಬಳಿ ಇಟ್ಟರು. ಪೆಟ್ಟಿಗೆಯ ತಳದಲ್ಲಿ, ಚಳಿಗಾಲಕ್ಕೆಂದು ಅವನೇ ಮೊದಲು ತಂದಿಟ್ಟಿದ್ದ ನಾಲ್ಕು ಹೊಸ ಪ್ಲಗ್ಗುಗಳು ಕಾಗದ ಸುತ್ತಿಕೊಂಡು ಮಲಗಿದ್ದವು.

ಕೊಟ್ರಯ್ಯ ಒಂದು ಬಲ್ಬಿಗೆ ವೈರು ಕಟ್ಟಿ, ಒಂದು ತುದಿಯನ್ನು ಬ್ಯಾಟರಿಗೆ ಕೊಟ್ಟು, ಇನ್ನೊಂದನ್ನು ಹಳೆಯ ಪ್ಲಗ್ಗುಗಳಿಗೆ ಒಂದೊಂದಾಗಿ ಮುಟ್ಟಿಸಿದ. ಮೂರಕ್ಕೆ ಬಲ್ಬು ಹತ್ತಲಿಲ್ಲ. ಒಂದಕ್ಕೆ ಹತ್ತಿತು. ಇಷ್ಟು ದಿನ ಒಂದೇ ಒಂದು ಪ್ಲಗ್ ಕಾಯುತ್ತಿತ್ತು. ನಾಲ್ಕನ್ನೂ ಬದಲಿಸಿದ. ಅರ್ಧ ಗಂಟೆಯ ಕೆಲಸ.

ಮರುದಿನ ಹುಲ್ಲಿನ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಕೀ ತಿರುಗಿಸಿ, ಹತ್ತು ಎಣಿಸುವಷ್ಟು ಹೊತ್ತು ಕಾದು, ಸೆಲ್ಫ್ ಹೊಡೆದ. ಎಂಜಿನ್ ಕೆಮ್ಮಿ, ನಡುಗಿ, ಹಿಡಿದುಕೊಂಡಿತು. ಅವನು ತಿರುಗಿ ನೋಡುವಷ್ಟರಲ್ಲಿ ಗುರುಗಳು ಮುಂದಿನ ಸೀಟಿನಲ್ಲಿ ಕೂತಿದ್ದರು.

ದಾರಿಯುದ್ದಕ್ಕೂ, ಬಾಗಿಲಲ್ಲಿ ಹೇಳಬೇಕಾದ ಮಾತನ್ನು ಕೊಟ್ರಯ್ಯ ಮನಸ್ಸಿನಲ್ಲೇ ಕಟ್ಟುತ್ತಿದ್ದ. ಪ್ರತಿ ಊರು ದಾಟಿದ ಮೇಲೆ ಕಟ್ಟಿದ್ದು ಬಿಚ್ಚಿಹೋಗುತ್ತಿತ್ತು.

ಅಕ್ಕನ ಮನೆಯ ಬೀದಿ ಹಾಗೆಯೇ ಇತ್ತು. ಪಕ್ಕದಲ್ಲಿ ಗ್ಯಾರೇಜಿನ ತಗಡಿನ ಬಾಗಿಲು ಮುಚ್ಚಿತ್ತು. ಮನೆಯ ಮುಂದೆ ಕಾರು ನಿಲ್ಲಿಸಿದ. ಎಂಜಿನ್ ಆರಿಸಲಿಲ್ಲ.

ಶಬ್ದ ಕೇಳಿ ಒಳಗಿನಿಂದ ಒಬ್ಬ ಮುದುಕಿ ಗೋಡೆ ತಡವುತ್ತ ಹೊಸಿಲಿಗೆ ಬಂದಳು. ಅಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು, ಕಾರು ಇದ್ದ ಕಡೆಗಿಂತ ತುಸು ಆಚೆಗೆ ನೋಡುತ್ತ ಹೇಳಿದಳು.

"ಗ್ಯಾರೇಜು ಮುಚ್ಚಿ ಬಹಳ ವರ್ಷ ಆಯ್ತಪ್ಪ. ರಿಪೇರಿ ಮಾಡೋರು ಈಗ ಯಾರೂ ಇಲ್ಲ."

ಕೊಟ್ರಯ್ಯನ ಒಂದು ಕೈ ಸ್ಟೇರಿಂಗಿನ ಮೇಲೆ, ಇನ್ನೊಂದು ಗೇರಿನ ಮೇಲೆ. ಬೀದಿಯ ಕೊನೆಯ ತಿರುವು ಕಾಣುತ್ತಿತ್ತು.

"ಬುದ್ಧಿ, ಹಳೇ ಗಾಡಿ. ಆರಿಸಿದ್ರೆ ತಣ್ಣಗಾಗ್ತದೆ. ಆಮೇಲೆ ಹಿಡೀತದೋ ಇಲ್ವೋ."

ಗುರುಗಳು ಹೊಸಿಲಿನ ಕಡೆಯಿಂದ ಕಣ್ಣು ತೆಗೆಯಲಿಲ್ಲ.

"ಆರಿಸು, ಕೊಟ್ರ. ತಣ್ಣಗಾಗಲಿ."