ನೀಲವ್ವ ಲೆವೆಲರ್ ಕೊಂಡದ್ದು

ನೀಲವ್ವನ ಹೊಲದ ತಗ್ಗಿನಲ್ಲಿ ನೀರು ನಿಂತು ವರ್ಷವರ್ಷವೂ ಜೋಳ ಕೊಳೆಯುತ್ತಿತ್ತು. ಪಕ್ಕದ ದಿಬ್ಬದ ಮಣ್ಣೆಳೆದು ತಗ್ಗು ತುಂಬಿಸಬೇಕು, ತನ್ನ ಸಣ್ಣ ಟ್ರ್ಯಾಕ್ಟರಿಗೆ ತಕ್ಕ ಲೆವೆಲರ್ ಬೇಕು ಎಂದು ಅಂಗಡಿಗೆ ಹೋದಳು.

ಅಂಗಡಿಯ ಚನ್ನಬಸಪ್ಪ ಎಲ್ಲಕ್ಕಿಂತ ದೊಡ್ಡದನ್ನೇ ತೋರಿಸಿದ. "ಹೆಣ್ಮಕ್ಕಳಿಗೆ ಇದೆಲ್ಲ ತಿಳಿಯೂದಿಲ್ಲಬೇ. ಇದನ್ನ ಒಯ್ಯಿ. ಹೂವಿನಂಗ ಎಳೀತೈತಿ."

"ಖರೇನ ತಿಳಿಯೂದಿಲ್ಲಣ್ಣ. ನೀನ ನನ್ನ ಹೊಲಕ್ಕ ಬಂದು ಎಳೆದು ತೋರಿಸು."

ಅವನು ಮೀಸೆ ತಿರುವುತ್ತ ಬಂದ. ದೊಡ್ಡ ಲೆವೆಲರಿಗೆ ಮಣ್ಣು ತುಂಬಿದ್ದೇ ತಡ, ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಮೇಲೆದ್ದವು. ನೋಡಲು ಬದುವಿನ ಮೇಲೆ ನೆರೆದಿದ್ದ ಊರವರು ನಕ್ಕರು. ಮಾನ ಉಳಿಸಿಕೊಳ್ಳಲು ಅವನು ಸಣ್ಣದನ್ನು ತರಿಸಿ ಎಳೆದ.

"ಯಾಕೋ ನಂಬಿಕಿ ಬರವಲ್ದಣ್ಣ" ಎಂದು ನೀಲವ್ವ ಅಂದಾಗೆಲ್ಲ ಹಠಕ್ಕೆ ಬಿದ್ದು ಮತ್ತೆ ಎಳೆದ. ಸಂಜೆಗೆ ದಿಬ್ಬ ಕರಗಿ ತಗ್ಗು ತುಂಬಿತ್ತು.

ಆಗ ಅವನಿಗೆ ಹೊಳೆಯಿತು. "ಅಯ್ಯೋ ಯವ್ವಾ, ಇನ್ನ ನೀ ಇದನ್ನ ಯಾಕ ಕೊಳ್ತಿ?"

"ಕೊಳ್ತೀನಣ್ಣ," ನೀಲವ್ವ ನಕ್ಕಳು. "ನನ್ನ ತಂಗಿ ಹೊಲದಾಗೂ ತಗ್ಗೈತಿ. ಅಲ್ಲಿಗೂ ನಿನ್ನ ಕರಿಯಾಕ ನಾಚಿಕಿ ಆಗ್ತೈತಿ."